ಜೋಡಿ ಒನಕೆಯ ಖಾರ

ಇವತ್ತು ಮುಂಜಾನೆ ನಮ್ಮ ಕಟ್ಟಡದ ಮೇಲಿನ ಮನೆಯಲ್ಲಿ ಯಾರೋ ಒಣಮೆಣಸಿನಕಾಯಿ ಹುರಿದರು. ಘಾಟು ಮೆಟ್ಟಿಲಿಳಿದು ಬಂದದ್ದೇ ತಡ, ಎದುರು ಮನೆಯವರು ಧಡಧಡ ಕಿಟಕಿ ಮುಚ್ಚಿಕೊಂಡರು. ಕೆಳಗಿನವರು ಕೆಮ್ಮುತ್ತ ಅಂಗಳಕ್ಕೆ ಬಂದು ಮೇಲೆ ನೋಡಿ ಬೈದರು. ನಾನು ಮಾತ್ರ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತೆ. ಮೂಗು ಉರಿಯಿತು, ಗಂಟಲು ಕಟ್ಟಿತು, ಕಣ್ಣಲ್ಲಿ ನೀರು ದಳದಳ ಇಳಿಯಿತು. "ಅಜ್ಜೀ, ಒಳಗ ಹೋಗ್ರಿ, ಘಾಟು ಭಾಳ ಅದ" ಎಂದ ಎದುರು ಮನೆಯ ಹುಡುಗಿಗೆ "ನೀ ಹೋಗವ್ವ, ನನಗ್ಯಾಕ ಹೇಳ್ತಿ?" ಎಂದು ರೇಗಿಬಿಟ್ಟೆ. ಪಾಪ, ಅವಳಿಗೇನು ಗೊತ್ತು! ಆ ಘಾಟಿನಲ್ಲಿ ನನ್ನ ಇಬ್ಬರು ತಾಯಂದಿರು ಇದ್ದರು. ಒಬ್ಬರನ್ನೊಬ್ಬರು ಕಂಡರೆ ಹಲ್ಲು ಕಡಿಯುತ್ತಿದ್ದವರು. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು, ಅವರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಅಡಿಗೆಮನೆಯಲ್ಲೂ ಈಗ ಪ್ಯಾಕೆಟ್ಟುಗಳೇ ಇವೆ, ಸುಡಲಿ. ಮಟನ್ನಿಗೊಂದು, ಮೀನಿಗೊಂದು, ಕಾಯಿಪಲ್ಯಕ್ಕೊಂದು. ಎಲ್ಲದರ ಮೇಲೂ ನಗುವ ಹೆಂಗಸಿನ ಚಿತ್ರ. ಖಾರ ಕುಟ್ಟುವ ಹೆಂಗಸು ನಕ್ಕದ್ದನ್ನು ನಾನಂತೂ ನನ್ನ ಜನ್ಮದಲ್ಲಿ ನೋಡಿಲ್ಲ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಖಾರ, ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕುಟ್ಟಿ ಭರಣಿಗೆ ತುಂಬಿದ್ದು. ಮಸಾಲಿ ಖಾರ ಎನ್ನುತ್ತಿದ್ದೆವು. ಕುರಿಯ ಖಂಡದ ಸಾರಿಗೂ ಅದೇ, ಹಳ್ಳದ ಮೀನಿಗೂ ಅದೇ, ಬದನೆಕಾಯಿಗೂ ಪುಂಡಿಪಲ್ಯಕ್ಕೂ ಅದೇ. ಏನೂ ಇಲ್ಲದ ದಿನ ಬಿಸಿ ರೊಟ್ಟಿಯ ಮೇಲೆ ಒಂದು ಚಿಟಿಕೆ ಖಾರ ಉದುರಿಸಿ, ನಡುವೆ ಕುಳಿ ಮಾಡಿ ಕುಸುಬಿ ಎಣ್ಣೆ ಹನಿಸಿದರೆ ಅದೇ ಊಟ. ಆ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಾಗ ಮೊದಲು ಹುರಿದ ಕೊಬ್ಬರಿ ವಾಸನೆ, ಆಮೇಲೆ ಬೆಳ್ಳುಳ್ಳಿ, ಕೊನೆಗೆ ಎಲ್ಲದರ ಬೆನ್ನಿಗೆ ಇಂಗು. ನಿಮ್ಮ ಮನೆಯಲ್ಲೂ ಇಂಥದೊಂದು ಭರಣಿ ಇದ್ದಿರಬೇಕು. ಇದ್ದರೆ, ಅದು ಹೋದ ಮೇಲೆ ಊಟಕ್ಕೆ ಏನು ಕಡಿಮೆಯಾಯಿತು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆ ಮಸ್ಕಿಯಲ್ಲಿ, ಗುಡ್ಡದ ಬುಡದ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಕಲ್ಲಿನ ಪಡಸಾಲೆ, ಹಿಂದೆ ದೊಡ್ಡ ಹಿತ್ತಿಲು. ರಜಾಕಾರರ ಗದ್ದಲದಲ್ಲಿ ಊರು ಬಿಟ್ಟಿದ್ದವರೆಲ್ಲ ತಿರುಗಿ ಬಂದು ಒಲೆ ಹೊತ್ತಿಸಿದ್ದರು. ದೊಡ್ಡವರು ಸಂಜೆ ಕಟ್ಟೆಯ ಮೇಲೆ ಕೂತು, ಸಿಂಧನೂರ ಕಡೆ ಕಾಲುವೆ ಅಗಿಯಾಕತ್ಯಾರಂತೆ, ನೀರು ಬಂದರೆ ಭತ್ತ ಬೆಳೀತಾರಂತೆ ಎಂದು ಮಾತಾಡುತ್ತಿದ್ದರು. ಮನೆಯಲ್ಲಿ ಅಪ್ಪನ ಅಪ್ಪ, ಅಂದರೆ ನಮ್ಮ ಮುತ್ಯಾ, ಯಜಮಾನ. ಅವನ ಇಬ್ಬರು ಗಂಡುಮಕ್ಕಳು ದೊಡ್ಡಪ್ಪ ಮತ್ತು ಅಪ್ಪ. ದೊಡ್ಡಪ್ಪನ ಹೆಂಡತಿ ದೊಡ್ಡವ್ವ ಲಿಂಗಸುಗೂರಿನವಳು. ನನ್ನ ಅವ್ವ ಸಿಂಧನೂರ ಹತ್ತಿರದ ಗೊರೇಬಾಳದವಳು. ಆ ಮನೆಗೆಲ್ಲ ಕೂಸು ಎಂದರೆ ನಾನೊಬ್ಬಳೇ, ಗಂಗಿ. ಮುತ್ಯಾನ ಹೆಂಡತಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಆಕೆ ಇದ್ದಿದ್ದರೆ ಇಬ್ಬರು ಸೊಸೆಯರ ಜುಟ್ಟು ಹಿಡಿದು ಒಂದು ಮಾಡುತ್ತಿದ್ದಳು ಎಂದು ಓಣಿಯವರು ಹೇಳುತ್ತಿದ್ದರು.

ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ನಾನು ಮೊಲೆ ಬಿಟ್ಟ ಮೇಲೆ ಅವಳ ಮಗ್ಗುಲಲ್ಲೇ ಮಲಗಿದವಳು, ಅವಳ ಕೈಯಲ್ಲೇ ಉಂಡವಳು. ಮಾತು ಬಂದಾಗ ನಾನು ಮೊದಲು "ಅವ್ವ" ಎಂದು ಕರೆದದ್ದೂ ಅವಳನ್ನೇ ಅಂತೆ. ಅದು ನನ್ನ ಹಡೆದವ್ವನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತ್ತು. ಒಂದು ದಿನ ಏನೋ ಹಟಕ್ಕೆ ಅವ್ವ ನನಗೆ ಬಡಿದಳು. ದೊಡ್ಡವ್ವ ಅಡ್ಡ ಬಂದು ನನ್ನನ್ನು ಕಸಿದುಕೊಂಡು "ಕೂಸಿನ್ನ ಹಿಂಗ ಬಡಿತಾರೇನು, ರಾಕ್ಷಸಿ!" ಎಂದಳು. ಅವ್ವನ ಬಾಯಿಂದ ಬಂತು: "ಹಡದಾಕಿ ನಾ ಅದೀನಿ. ಬಂಜಿಗೇನು ಗೊತ್ತು ಕೂಸಿನ ಸಂಕಟ?" ಅಷ್ಟೇ. ದೊಡ್ಡವ್ವ ನನ್ನನ್ನು ಕೆಳಗಿಳಿಸಿ ಒಲೆಯ ಹತ್ತಿರ ಹೋದಳು, ಒಲೆಗುಂಡು ಮುಟ್ಟಿದಳು. "ಇನ್ನ ಮ್ಯಾಲೆ ಈಕಿ ಜೋಡಿ ಮಾತಾಡಿದ್ರ ನನ್ನ ನಾಲಿಗಿ ಬಿದ್ದು ಹೋಗಲಿ" ಎಂದಳು. ಅವ್ವ ಅಲ್ಲೇ ಕಾಲು ಹಿಡಿದಿದ್ದರೆ ಮುಗಿಯುತ್ತಿತ್ತು. ಹಿಡಿಯುವ ಕುಲದವಳೇ ಅವಳು? ಅವಳೂ ಬಂದು ಅದೇ ಒಲೆ ಮುಟ್ಟಿ ಅದೇ ಆಣೆ ಮಾಡಿದಳು. ಗಂಡಸರು ಮೂವರೂ ಮನೆಯಲ್ಲೇ ಇದ್ದರು. ಹೆಂಗಸರ ಜಗಳ, ತಾನೇ ತಣ್ಣಗಾಗುತ್ತದೆ ಎಂದು ಎಲೆ ಅಡಿಕೆ ಹಾಕಿಕೊಂಡು ಹೊರಗೆ ಹೋದರು.

ಹಾಗೆ ನಾನು ಅವರ ನಾಲಿಗೆಯಾದೆ. ಇಬ್ಬರೂ ಒಂದೇ ಒಲೆಯ ಮುಂದೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿರುತ್ತಿದ್ದರು. ದೊಡ್ಡವ್ವ ನನ್ನ ಕಡೆ ತಿರುಗಿ "ಗಂಗೀ, ನಿಮ್ಮವ್ವಗ ಹೇಳು, ರೊಟ್ಟಿ ಹೊತ್ತಾಕತ್ತದ ಅಂತ" ಎನ್ನುತ್ತಿದ್ದಳು. ನಾನು "ಅವ್ವಾ, ರೊಟ್ಟಿ ಹೊತ್ತಾಕತ್ತದಂತ" ಎನ್ನುತ್ತಿದ್ದೆ. ಅವ್ವ "ನಿಮ್ಮ ದೊಡ್ಡವ್ವಗ ಹೇಳು, ಮೂಗು ನನಗೂ ಅದ ಅಂತ" ಎನ್ನುತ್ತಿದ್ದಳು. ಅದನ್ನೂ ನಾನು ಒಯ್ದು ಮುಟ್ಟಿಸಬೇಕು. ನಾನು ಹೇಳುವತನಕ ಆ ಮಾತು ಅವರ ಕಿವಿಗೆ ಬಿದ್ದಿಲ್ಲ ಎಂದೇ ಲೆಕ್ಕ. ರೊಟ್ಟಿ ಅಷ್ಟರಲ್ಲಿ ಕರಿಯಾಗಿ ಹೋದರೂ ಚಿಂತೆ ಇಲ್ಲ. ಬೇರೆ ಮಕ್ಕಳು ಗೋಲಿ ಆಡುವ ವಯಸ್ಸಿನಲ್ಲಿ ನಾನು ಇಬ್ಬರು ಹೆಂಗಸರ ಸೊಕ್ಕು ಹೊತ್ತು ತಿರುಗಿದೆ.

ಬೇಸಿಗೆ ಬಂದಿತೆಂದರೆ ಆ ಸೊಕ್ಕು ಇನ್ನೂ ಏರುತ್ತಿತ್ತು. ಹೊಲದ ಮೆಣಸಿನಕಾಯಿ ಮಾಳಿಗೆಯ ಮೇಲೆ ಕೆಂಪಗೆ ಹರಡಿರುತ್ತಿತ್ತು. ಕಾಲಿಟ್ಟರೆ ಅಂಗಾಲು ಸುಡುವ ಬಿಸಿಲು. ಒಣಗಿದ ಕಾಯಿ ಕೈಯಲ್ಲಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ಆಗ ಇಳಿಸುವುದು. ಓಣಿಯ ನೆರಳಲ್ಲಿ ಕೂತು ತೊಟ್ಟು ಮುರಿಯುವಾಗ ಬೆರಳಿನ ಸಂದಿಗಳೆಲ್ಲ ಉರಿಯುತ್ತಿದ್ದವು. ಹುರಿಯುವ ಕೆಲಸ ದೊಡ್ಡವ್ವನದು. ಕಬ್ಬಿಣದ ಬಾಣಲೆಗೆ ಔಡಲ ಎಣ್ಣೆ ಸವರಿ ಮೆಣಸಿನಕಾಯಿ ಹಾಕಿ, ಅದು ಹೊಳೆಯಲು ಶುರುಮಾಡಿದ ಗಳಿಗೆಗೆ ತೆಗೆಯಬೇಕು. ತಡವಾದರೆ ಬಣ್ಣ ಹೋಗುತ್ತದೆ, ಬೇಗ ತೆಗೆದರೆ ಒರಳಿನಲ್ಲಿ ಮೆತ್ತಗೆ ಕೂರುತ್ತದೆ. ಅದರ ಹಿಂದೆ ಹವೀಜ ಅಂದರೆ ಕೊತ್ತಂಬರಿ ಬೀಜ, ಜೀರಿಗೆ, ಎಳ್ಳು, ಗಸಗಸೆ, ಲವಂಗ, ಚಕ್ಕೆ, ಮೆಣಸು, ಕಲ್ಲುಹೂವು, ಒಂದೊಂದನ್ನೂ ಬೇರೆ ಬೇರೆ. ತೆಳ್ಳಗೆ ಹೆಚ್ಚಿ ಬಿಸಿಲಲ್ಲಿ ಒಣಗಿಸಿದ ಉಳ್ಳಾಗಡ್ಡಿಯನ್ನು ಕರಿಯುವುದು ಅವ್ವನ ಕೆಲಸ, ಕೊಬ್ಬರಿ ಸುಡುವುದೂ ಅವಳದೇ. ದೊಡ್ಡವ್ವನ ಮೂಗಿನಲ್ಲಿ ನೀರಿಳಿಯುತ್ತಿದ್ದರೂ ಬಾಯಿ ನಿಲ್ಲುತ್ತಿರಲಿಲ್ಲ. "ಗೊರೇಬಾಳದವರು ಉಳ್ಳಾಗಡ್ಡಿ ಕರಿಯೂದಿಲ್ಲ, ಸುಡತಾರ ಅಂತ ಹೇಳು." ಅವ್ವ ಬಾಣಲೆಯಿಂದ ಕಣ್ಣೆತ್ತದೆ, "ಛಾವಣ್ಯಾಗಿನವರು ಅಂಗಡಿ ಖಾರ ತಿಂದು ಬೆಳದಾರ, ಅವರಿಗೇನು ತಿಳಿತದಂತ ಹೇಳು." ಲಿಂಗಸುಗೂರಿನಲ್ಲಿ ಹಿಂದೆ ದಂಡಿನ ಛಾವಣಿ ಇತ್ತೆಂದು ದೊಡ್ಡವ್ವನಿಗೆ ಭಾರೀ ಹೆಮ್ಮೆ. ಅದಕ್ಕೇ ಕೈ ಹಾಕುತ್ತಿದ್ದಳು ಅವ್ವ.

ಆದರೆ ಕುಟ್ಟಲು ನಿಂತಾಗ ನೋಡಬೇಕಿತ್ತು ಅವರನ್ನು! ಹಿತ್ತಿಲ ನಡುವೆ ನೆಲದಲ್ಲಿ ಹೂತ ಒರಳು. ಇಬ್ಬರೂ ಸೆರಗಿನಿಂದ ಮೂಗು ಬಾಯಿ ಬಿಗಿದು ಕಟ್ಟಿ, ಕಚ್ಚೆ ಸಿಕ್ಕಿಸಿ, ಎದುರು ಬದುರು ನಿಲ್ಲುತ್ತಿದ್ದರು. ಕಣ್ಣಷ್ಟೇ ಕಾಣುತ್ತಿತ್ತು. ದೊಡ್ಡವ್ವನ ಒನಕೆ ಬಿದ್ದು ಏಳುವಷ್ಟರಲ್ಲಿ ಅವ್ವನದು ಬೀಳುತ್ತಿತ್ತು. ಜೋಡಿ ಒನಕೆಯಲ್ಲಿ ಒಬ್ಬರು ಕೂದಲೆಳೆ ತಡಮಾಡಿದರೂ ಒನಕೆಗೆ ಒನಕೆ ತಾಗಿ ಬೆರಳು ಜಜ್ಜಿ ಹೋಗುತ್ತದೆ. ಓಣಿಯಲ್ಲಿ ಅಕ್ಕ ತಂಗಿಯರೇ ಕುಟ್ಟಲು ನಿಂತು ಕೈ ಮುರಿದುಕೊಂಡದ್ದಿತ್ತು. ಇವರಿಗೆ ಒಮ್ಮೆಯೂ ಏನೂ ಆಗಲಿಲ್ಲ. ದುರುಗುಟ್ಟಿ ನೋಡುತ್ತ, ಮುಖಕ್ಕೆ ಮುಖ ಕೊಟ್ಟು, ಇಡೀ ಮುಂಜಾನೆ ಕುಟ್ಟುತ್ತಿದ್ದರು. ಒಬ್ಬಳ ತೋಳು ಸೋತಿತೆಂದು ಇನ್ನೊಬ್ಬಳಿಗೆ ಹೇಗೆ ಗೊತ್ತಾಗುತ್ತಿತ್ತೋ, ತಾನೇ ನಿಧಾನ ಮಾಡುತ್ತಿದ್ದಳು. ನಡುವೆ ಕೈ ಹಾಕಿ ಕಾಯಿ ತಿರುವುತ್ತಿದ್ದ ಪಕ್ಕದ ಮನೆಯ ಹುಸೇನಬಿ, "ಯಾ ಅಲ್ಲಾ, ಇವರು ಗಂಡಹೆಂಡ್ತಿ ಆಗಬೇಕಿತ್ತು ನೋಡ್ರಿ" ಎಂದು ನಗುತ್ತಿದ್ದಳು. ಇಬ್ಬರೂ ಅವಳಿಗೆ ಬೈಯುತ್ತಿದ್ದರು.

ಖಾರ ಕುಟ್ಟಿ, ಜರಡಿ ಹಿಡಿದು, ಪಡಸಾಲೆಯಲ್ಲಿ ಬಿಳಿ ದುಪ್ಪಟಿಯ ಮೇಲೆ ರಾಶಿ ಹಾಕಿದ ಮೇಲೆ ಕೊನೆಯ ಕೆಲಸ ಉಪ್ಪು ಬೆರೆಸುವುದು. ಹುಳ ಬೀಳದೆ ವರ್ಷ ತಡೆಯಲು ಅದು ಬೇಕು. ಪುಡಿ ಉಪ್ಪು ಅಳೆದು ಸುರಿದವರು "ಉಪ್ಪು ಬಿತ್ತು" ಎಂದು ಗಟ್ಟಿಯಾಗಿ ಹೇಳಬೇಕು, ಉಳಿದವರು "ಬೀಳಲಿ" ಎನ್ನಬೇಕು. ಸತ್ತ ಅಜ್ಜಿಯ ಕಾಲದಿಂದ ಬಂದ ರೂಢಿ. ಯಾಕೆಂದರೆ ಹೊಸ ಖಾರವನ್ನು ಯಾರೂ ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ. ಅದರಿಂದ ಅಡಿಗೆ ಮಾಡಿ ಹಿರಿಯರಿಗೆ ಎಡೆ ತೋರಿಸುವತನಕ ಅದು ಸತ್ತವರ ಖಾರ, ಇದ್ದವರು ಎಂಜಲು ಮಾಡಬಾರದು. ಇವರಿಬ್ಬರ ಮಾತು ನಿಂತ ಮೇಲೆ ಯಾರು ಉಪ್ಪು ಹಾಕಿದರೂ ನನ್ನ ಬೆನ್ನು ತಿವಿಯುತ್ತಿದ್ದರು. ನಾನು ಓಣಿಗೆಲ್ಲ ಕೇಳುವಂತೆ "ಉಪ್ಪು ಬಿತ್ತೋ!" ಎಂದು ಕೂಗುತ್ತಿದ್ದೆ. ಮುತ್ಯಾ ಕಟ್ಟೆಯಿಂದಲೇ "ಬೀಳಲಿ, ಬೀಳಲಿ" ಎನ್ನುತ್ತಿದ್ದ. ಅವನಿಗೆ ಅದೊಂದು ಸಮಾಧಾನ. ಮಕ್ಕಳಿಬ್ಬರೂ ಒಳಗೊಳಗೇ ಬೇರೆಯಾಗುವ ಮಾತು ಎತ್ತಿದ್ದರು. "ಒಂದ ಒರಳಿನ್ಯಾಗ ಖಾರ ಕುಟ್ಟೂತನಾ ನಾ ಮನಿ ಒಡಿಯೂದಿಲ್ಲ" ಎಂದು ಮುತ್ಯಾ ಅವರ ಬಾಯಿ ಮುಚ್ಚಿಸಿದ್ದ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಮನೆ ಒಡೆದರೆ ನಾನು ಅವ್ವನ ಪಾಲಿಗೆ ಹೋಗುತ್ತೇನೆ, ದೊಡ್ಡವ್ವನ ಮಗ್ಗುಲು ತಪ್ಪುತ್ತದೆ. ಅದಕ್ಕಿಂತ ದೊಡ್ಡ ಹೆದರಿಕೆ ನನಗೆ ಆ ವಯಸ್ಸಿನಲ್ಲಿ ಬೇರೆ ಇರಲಿಲ್ಲ.

ಒಂದು ಬೇಸಿಗೆ ನನಗೆ ಮೈತುಂಬ ದಡಾರ ಎದ್ದಿತು. ಮನೆಯಲ್ಲಿ ಒಗ್ಗರಣೆ ನಿಂತಿತು, ಬಾಗಿಲಿಗೆ ಬೇವಿನ ಸೊಪ್ಪು ಬಂತು. ದಡಾರ ಇಳಿದು ನೀರು ಹಾಕಿಸಿಕೊಂಡರೂ ಕೆಮ್ಮು ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಮಾಳಿಗೆಯ ಮೇಲಿನ ಮೆಣಸಿನಕಾಯಿ ಗಲಗಲ ಎನ್ನುತ್ತಿತ್ತು, ಮುಗಿಲು ಕಪ್ಪಾಗಿತ್ತು, ಎಡೆಯ ದಿನ ಗೊತ್ತಾಗಿತ್ತು. ಖಾರದ ಘಾಟಿನಲ್ಲಿ ಈ ಕೂಸು ಉಳಿಯುವುದಿಲ್ಲ ಎಂದು ದೊಡ್ಡವ್ವ ನನ್ನ ಬಾಯಿಂದಲೇ ಅವ್ವನಿಗೆ ಹೇಳಿಸಿದಳು. ಅವ್ವ ಒಪ್ಪಿದಳು. ಗೊರೇಬಾಳದಿಂದ ಸೋದರಮಾವ ಬಂದು ನನ್ನನ್ನು ಕರೆದುಕೊಂಡು ಹೋದ, ಸಿಂಧನೂರತನಕ ಮೋಟಾರು, ಅಲ್ಲಿಂದ ಬಂಡಿ. ನಾನು ಅಲ್ಲಿ ಅಗೆದಿಟ್ಟ ಕಾಲುವೆಯ ಮಣ್ಣಿನ ಗುಡ್ಡೆಯ ಮೇಲೆ ಜಾರಿ ಆಡುತ್ತಿದ್ದಾಗ ಇಲ್ಲಿ ಅವರು ಖಾರ ಕುಟ್ಟಿದರು. ಮೂಕರ ಹಾಗೆ. ಹುಸೇನಬಿಗೆ ಆ ದಿನ ಮೈ ನೆಟ್ಟಗಿರಲಿಲ್ಲ, ಅವಳೂ ಬಂದಿರಲಿಲ್ಲ.

ಎಡೆಯ ದಿನ ಮಾವ ನನ್ನನ್ನು ತಿರುಗಿ ಕರೆತಂದ. ಮನೆ ತುಂಬ ಕುರಿಯ ಸಾರಿನ ವಾಸನೆ. ದೊಡ್ಡವ್ವನ ಅಣ್ಣ ಲಿಂಗಸುಗೂರಿನಿಂದ ಬಂದಿದ್ದ. ರುಮಾಲು ಸುತ್ತಿದ, ಗತ್ತಿನ ಮನುಷ್ಯ. ವರ್ಷಕ್ಕೊಮ್ಮೆ ತಂಗಿಯ ಮನೆಗೆ ಬರುವವನು. ಅವನಿಗೆಂದೇ ದೊಡ್ಡವ್ವ ತಾನೇ ನಿಂತು ಸಾರು ಮಾಡಿದ್ದಳು. ಹಿರಿಯರ ಎಡೆ ಆಯಿತು, ಗಂಡಸರ ಪಂಕ್ತಿ ಕೂತಿತು. ಅಣ್ಣ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಅವನ ಮುಖ ಕಿವುಚಿತು. ಪಕ್ಕಕ್ಕೆ ತಿರುಗಿ ಉಗುಳಿದ, ನೀರು ಕುಡಿದ. ಮುತ್ಯಾನೂ ನುಂಗಲಾರದೆ ಕೂತ. "ತಂಗೀ, ನಾ ಬರೂದು ಬ್ಯಾಡಾಗಿದ್ರ ಮದಲ ಹೇಳಿ ಕಳಿಸಬಾರದೇನವ್ವ?" ಎಂದು ಅಣ್ಣ ತಣ್ಣಗೆ ಹೇಳಿ ಎದ್ದು ಕೈ ತೊಳೆದ. ಎಷ್ಟು ಬೇಡಿಕೊಂಡರೂ ನಿಲ್ಲಲಿಲ್ಲ.

ಅವನ ಬಂಡಿ ಓಣಿ ದಾಟುವುದೇ ತಡ, ಒಳಗೆ ಬೆಂಕಿ ಹತ್ತಿತು. ದೊಡ್ಡವ್ವ ನನ್ನ ರಟ್ಟೆ ಹಿಡಿದು "ಕೇಳು ನಿಮ್ಮವ್ವನ್ನ! ನನ್ನ ತವರಿನವರ ಮುಂದ ನನ್ನ ಮಾನ ತಗೀಬೇಕಂತ ಸಾರಿನ್ಯಾಗ ಉಪ್ಪು ಸುರುವಿದಿಯೇನಂತ ಕೇಳು!" ಎಂದು ಕಿರಿಚಿದಳು. ಅವ್ವ ಇನ್ನೊಂದು ರಟ್ಟೆ ಹಿಡಿದಳು. "ಗಡಿಗಿ ಹತ್ತಿರ ನಾ ಸುಳದಿಲ್ಲಂತ ಹೇಳು. ತಾನ ಹಾಕಿ ನನ್ನ ಮ್ಯಾಲೆ ಹಾಕಾಕತ್ಯಾಳಂತ ಹೇಳು. ಇಂಥ ನೀಚ ಬುದ್ಧಿಗೇ ಆ ಶಿವ ಆಕಿ ಮಡಲು ತುಂಬಲಿಲ್ಲಂತ ಹೇಳು!" ನಾನು ಆ ಕೊನೆಯ ಮಾತು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ದೊಡ್ಡವ್ವನ ಕೈ ನನ್ನ ರಟ್ಟೆಯಿಂದ ತಾನೇ ಜಾರಿತು. ಅಪ್ಪ, ದೊಡ್ಡಪ್ಪ ಇಬ್ಬರೂ ಪಡಸಾಲೆಯ ಕಂಬ ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹಗುರ ಇತ್ತು ಎಂದು ಈಗ ನನಗೆ ಅನ್ನಿಸುತ್ತದೆ. ಬೇರೆಯಾಗಲು ಅವರಿಗೊಂದು ನೆವ ಬೇಕಿತ್ತು.

ಮರುದಿನ ಮುಂಜಾನೆ ಅವ್ವ ನನಗೆ ರೊಟ್ಟಿಯ ಮೇಲೆ ಹೊಸ ಖಾರ, ಎಣ್ಣೆ ಹಾಕಿ ಕೊಟ್ಟಳು. ಬಾಯಿಗಿಟ್ಟವಳೇ ಉಗುಳಿದೆ. ಬರೀ ಉಪ್ಪು! ಸಾರಲ್ಲ, ಖಾರವೇ ಉಪ್ಪಾಗಿತ್ತು. "ಅವ್ವಾ, ಖಾರಕ್ಕ ಉಪ್ಪು ಯಾರು ಹಾಕಿದ್ರು?" "ನಾನ ಹಾಕೀನಿ, ಅಳತಿ ಪ್ರಕಾರ. ನಿಮ್ಮ ದೊಡ್ಡವ್ವ ಮಾಳಿಗಿ ಮ್ಯಾಲೆ ಹೋಗಿದ್ಳು, ಆವಾಗ." ನಾನು ದೊಡ್ಡವ್ವನ ಹತ್ತಿರ ಓಡಿದೆ. "ನಾ ಹಾಕೀನಿ. ನಿಮ್ಮವ್ವ ಕೈ ತೊಳಿಯಾಕ ಬಾವಿಗೆ ಹೋದಾಗ ಹಾಕಿ ಕಲಿಸೀನಿ" ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕುಣಿಯುತ್ತ ಇಬ್ಬರ ನಡುವೆ ಬಂದು ನಿಂತೆ. "ಇಬ್ಬರೂ ಹಾಕೀರಿ! ಯಾರದೂ ತಪ್ಪಿಲ್ಲ, ಇಬ್ಬರೂ ಹಾಕೀರಿ!" ಎಂದು ಕೂಗಿದೆ. ಇಬ್ಬರೂ ನನ್ನನ್ನೇ ನೋಡಿದರು. ಒಬ್ಬರನ್ನೊಬ್ಬರು ನೋಡಲಿಲ್ಲ. ಆಮೇಲೆ ಅವ್ವ "ಹಿಂಗ ಹೇಳಂತ ಆಕಿನ ಕಲಿಸಿ ಕಳಿಸ್ಯಾಳ" ಎಂದಳು. ದೊಡ್ಡವ್ವನೂ ಅದೇ ಅಂದಳು. ನಿಜವನ್ನು ಹೊತ್ತುಕೊಂಡು ಹೋದ ಒಂದೇ ಒಂದು ಸಲ ಅವರು ನನ್ನನ್ನು ನಂಬಲಿಲ್ಲ. ಅಡಿಗೆಗೆ ಬೇರೆ ಉಪ್ಪು ಹಾಕದಿದ್ದರೆ ಆ ಖಾರದಲ್ಲಿ ವರ್ಷ ಹೇಗೋ ಸಾಗುತ್ತಿತ್ತು, ಆದರೆ ಅದನ್ನು ಕೇಳುವ ಮನಸ್ಸು ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಭರಣಿ ಹೊತ್ತು ಹಳ್ಳದಲ್ಲಿ ಸುರಿದು ಬಂದರು.

ಮುತ್ಯಾ ಸೋತ. ಗೋಡೆ ಎದ್ದಿತು. ಪಡಸಾಲೆಯನ್ನು ಸೀಳಿಕೊಂಡು, ಹಿತ್ತಿಲಿನ ಕೊನೆಯತನಕ, ಎತ್ತರದ ಮಣ್ಣಿನ ಗೋಡೆ. ಒರಳು ಆ ಕಡೆಗೆ, ದೊಡ್ಡವ್ವನ ಪಾಲಿಗೆ ಹೋಯಿತು. ಬಾವಿ ನಮ್ಮ ಕಡೆಗೆ ಬಂತು. ನೀರಿಗಾಗಿ ದೊಡ್ಡವ್ವ ಊರ ಬಾವಿಗೆ ಹೋಗುತ್ತಿದ್ದಳೇ ಹೊರತು ನಮ್ಮ ಬಾಗಿಲಿಗೆ ಬರಲಿಲ್ಲ. ಮುತ್ಯಾ ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ ಉಣ್ಣುತ್ತ, ಎರಡೂ ಕಡೆ ಮಾತಾಡದೆ ಬದುಕಿದ. ನಾನು ಮೊದಮೊದಲು ಕದ್ದು ಹೋದೆ. ದೊಡ್ಡವ್ವ ಬಾಗಿಲಲ್ಲೇ ತಡೆದಳು. "ನಿಮ್ಮವ್ವ ಕಳಿಸ್ಯಾಳೇನು?" "ಇಲ್ಲ, ನಾನ ಬಂದೀನಿ." "ಹಂಗಾದ್ರ ಹೋಗು. ಬಂಜಿ ಮಂದಿಯ ಕೂಸಿನ್ನ ಕಸಗೊಂಡ್ಳು ಅಂತ ಇನ್ನೊಮ್ಮೆ ಅನ್ನಿಸಿಕೊಳ್ಳಾಕ ನನ್ನ ಕೈಲಿ ಆಗೂದಿಲ್ಲ." ಹಾಗೆ ಹೇಳಿ ಬಾಗಿಲು ಹಾಕಿಕೊಂಡಳು. ಎಂಥ ಕಲ್ಲೆದೆ ಎಂದು ಆಗ ಅತ್ತೆ. ಬಾಗಿಲ ಒಳಗೆ ಅಗಳಿ ಹಾಕಿದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿತು, ಅಷ್ಟು ಹೊತ್ತು ಅವಳು ಅಲ್ಲೇ ನಿಂತಿದ್ದಳು. ಅವ್ವನ ಮಗ್ಗುಲಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಅವ್ವನಿಗೂ ಅದು ಗೊತ್ತಿತ್ತು, ಅದಕ್ಕೂ ಬೈಯುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅವ್ವ ಹೊಸ ಒರಳು ತರಿಸಿ ಹುಸೇನಬಿಯ ಜೊತೆ ಕುಟ್ಟಲು ನಿಂತಳು. ಹುಸೇನಬಿ ಒಳ್ಳೆಯವಳು, ಆದರೆ ಕೈ ಹೊಂದಲಿಲ್ಲ. ಒನಕೆಗೆ ಒನಕೆ ಬಡಿದು ಅವ್ವನ ಹೆಬ್ಬೆರಳು ಜಜ್ಜಿಹೋಯಿತು. "ನೀ ಬಿಡು ತಾಯಿ, ನಾ ಒಬ್ಬಾಕಿನ ಕುಟ್ಟತೀನಿ" ಎಂದು ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಂಟಿ ಒನಕೆ ಹಿಡಿದಳು. ಗೋಡೆಯ ಆ ಕಡೆಯಿಂದಲೂ ಒಂಟಿ ಒನಕೆಯ ಸದ್ದು ಬರುತ್ತಿತ್ತು. ದೊಡ್ಡವ್ವನೂ ಅದೇ ದಿನ ಕುಟ್ಟುತ್ತಿದ್ದಳು. ಸ್ವಲ್ಪ ಹೊತ್ತು ಎರಡೂ ಸದ್ದು ಒಂದರ ಮೇಲೊಂದು ಬಿದ್ದವು. ಆಮೇಲೆ ಯಾವಾಗಲೋ ಒಂದು ಬಿದ್ದು ಏಳುವಷ್ಟರಲ್ಲಿ ಇನ್ನೊಂದು ಬೀಳತೊಡಗಿತು. ನಾನು ತೊಟ್ಟು ಮುರಿಯುವುದನ್ನು ಬಿಟ್ಟು ಕೂತೆ. ಕಣ್ಣು ಮುಚ್ಚಿದರೆ ಗೋಡೆಯೇ ಇರಲಿಲ್ಲ. ಹುಸೇನಬಿ ಬಾಯಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರು ಎಂದಳು. ಅವ್ವ ತಲೆ ಎತ್ತಲಿಲ್ಲ, ಅವಳ ತೋಳು ಹಳೆಯ ಲಯದಲ್ಲಿ ಏರಿ ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ಅದು ಅರಿವಾಯಿತು. ಒನಕೆ ಎತ್ತಿದ್ದು ಹಾಗೇ ನಿಂತಿತು. ಆ ಕಡೆಯ ಒನಕೆಯೂ ನಿಂತಿತು. ಇಬ್ಬರೂ ಇನ್ನೊಬ್ಬರು ಶುರುಮಾಡಲಿ ಎಂದು ಕಾದರು. ಶುರುಮಾಡಿದವರು ಸೋತಂತೆ! ಅವ್ವ ಒನಕೆಯನ್ನು ಗೋಡೆಗೆ ಒರಗಿಸಿ "ಉಳದದ್ದು ನಾಳಿ ಕುಟ್ಟತೀನಿ" ಎಂದು ಒಳಗೆ ಹೋದಳು. ನನಗೆ ಆ ಇಬ್ಬರನ್ನೂ ಒನಕೆಯಿಂದ ಬಡಿಯಬೇಕೆನ್ನಿಸಿತು. ಈಗಲೂ ಅನ್ನಿಸುತ್ತದೆ.

ದೊಡ್ಡವ್ವ ಮುಂದಿನ ಬೇಸಿಗೆ ಕಾಣಲಿಲ್ಲ. ಚಳಿಗಾಲದಲ್ಲಿ ಜ್ವರ ಬಂತು. ಮುತ್ಯಾ ಬಂದು ಹೇಳಿದ, ಹುಸೇನಬಿ ಬಂದು ಹೇಳಿದಳು, "ಒಂದ ಸಲ ಹೋಗಿ ನೋಡಿ ಬಾ" ಎಂದು ಅಪ್ಪ ಕೂಡ ಹೇಳಿದ. ಅವ್ವ "ಹೇಳಿ ಕಳಿಸ್ಯಾಳೇನು?" ಎಂದಳು, ಥೇಟ್ ದೊಡ್ಡವ್ವನ ಹಾಗೆಯೇ. ಹೇಳಿ ಕಳಿಸಿರಲಿಲ್ಲ. ಒಂದು ಮುಂಜಾನೆ ಗೋಡೆಯ ಆ ಕಡೆಯಿಂದ ದೊಡ್ಡಪ್ಪ ಗಟ್ಟಿಯಾಗಿ ಅತ್ತ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು, ಹಿಟ್ಟಿನ ಕೈಯಲ್ಲೇ, ಓಣಿಯಲ್ಲಿ ಸುತ್ತಿ ಆ ಮನೆಗೆ ನಡೆದಳು. ಹಿಂದೆ ನಾನು. ಗೋಡೆ ಎದ್ದ ಮೇಲೆ ಅವಳು ಆ ಬಾಗಿಲು ದಾಟಿದ್ದು ಅದೇ ಮೊದಲು.

ದೊಡ್ಡವ್ವನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಸುತ್ತ ಓಣಿಯ ಹೆಂಗಸರು. ನಮ್ಮ ಕಡೆ ನೆಗೆಣ್ಣಿ, ಅಂದರೆ ವಾರಗಿತ್ತಿ, ಸತ್ತರೆ ಇನ್ನೊಬ್ಬ ನೆಗೆಣ್ಣಿ ಹಾಡಿಕೊಂಡು ಅಳಬೇಕು, ಸತ್ತವಳ ಗುಣ ಒಂದೊಂದಾಗಿ ಎತ್ತಿ ಹೇಳಬೇಕು. ಎಲ್ಲರೂ ಅವ್ವನಿಗೆ ದಾರಿ ಬಿಟ್ಟು, ಅವಳು ಏನು ಮಾಡುತ್ತಾಳೋ ಎಂದು ನೋಡುತ್ತಿದ್ದರು. ಅವ್ವ ತಲೆಯ ಹತ್ತಿರ ಕೂತಳು. ಹಿಟ್ಟಿನ ಕೈ ತನ್ನ ಸೀರೆಗೆ ಒರೆಸಿಕೊಂಡು ದೊಡ್ಡವ್ವನ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು. ಅವ್ವನ ತುಟಿ ಅಲುಗಿತು, ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ದನಿಯೇ ಬರಲಿಲ್ಲ. ಆಮೇಲೆ ತಿರುಗಿ ನನ್ನ ರಟ್ಟೆ ಹಿಡಿದು ಎಳೆದು ಮುಂದೆ ಕೂರಿಸಿದಳು. ಬೈಯುವ ದನಿಯಲ್ಲೇ ಹೇಳಿದಳು: "ಗಂಗೀ, ನಿಮ್ಮ ದೊಡ್ಡವ್ವಗ ಹೇಳು. ಆ ಮಾತು ನಾ ಆಡಬಾರದಿತ್ತು ಅಂತ ಹೇಳು."

ನಾನು ಬಗ್ಗಿ ದೊಡ್ಡವ್ವನ ಕಿವಿಯ ಹತ್ತಿರ ಬಾಯಿ ಒಯ್ದೆ. "ದೊಡ್ಡವ್ವಾ, ಅವ್ವ ಹೇಳ್ಯಾಳ, ಆ ಮಾತು ಆಕಿ ಆಡಬಾರದಿತ್ತಂತ" ಎಂದೆ. ಹೇಳಿ ತಲೆ ಎತ್ತಿದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನಂದ್ಳು?" ಎಂದು ಕೇಳಿದಳು.